ಅವ್ವನ ಕಾಲಿಗೆ ತಂದ ಸಕ್ಕರೆ ಗುಳಿಗೆ

ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಆಗ ಒಂದು ಅಂಗಡಿಯಿತ್ತು. ಸ್ಲೇಟು, ಬಳಪ, ಮಸಿಪುಡಿ, ಸಾಬೂನು, ತಲೆನೋವಿನ ಮುಲಾಮು, ಇವುಗಳ ಜೊತೆಗೆ ಹೋಮಿಯೋಪತಿ ಔಷಧಿಯೂ ಅಲ್ಲಿ ಸಿಗುತ್ತಿತ್ತು. ಅಂಗಡಿಯವರು ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತರಾಗಿದ್ದು ಪಿಂಚಣಿ ಪಡೆದವರು. ಕಲ್ಕತ್ತೆಯಿಂದ ಟಪಾಲಿನಲ್ಲಿ ತರಿಸಿದ ಒಂದು ಮರದ ಪೆಟ್ಟಿಗೆ, ಅದರೊಳಗೆ ಸಾಲಾಗಿ ನಿಂತ ಬೆರಳುದ್ದದ ಗಾಜಿನ ಸೀಸೆಗಳು, ಪಕ್ಕದಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕ. ಡಾಕ್ಟರ ಚೀಟಿಯೇನೂ ಬೇಕಾಗಿರಲಿಲ್ಲ. ಹೋಗಿ ನಿಂತು ಕಾಯಿಲೆ ಹೇಳಿದರೆ ಅವರು ಪುಸ್ತಕ ತಿರುವಿ ಸೀಸೆ ಎತ್ತಿ ಕೊಡುತ್ತಿದ್ದರು. ನಾನು ಆ ಅಂಗಡಿಗೆ ಏಳೆಂಟು ವಾರ ಎಡತಾಕಿದೆ. ಕಾಯಿಲೆ ನನ್ನದಲ್ಲ, ನಮ್ಮವ್ವನದು.

ಇದು ಮೂವತ್ತರ ದಶಕದ ನಡುವಿನ ಮಾತು. ನಾನು ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ನಮ್ಮ ವಂಶದಲ್ಲಿ ಸಂಬಳ ತಂದ ಮೊದಲ ಗಂಡಸು ನಾನೇ. ಆ ಜಂಬ ನನ್ನ ನಡಿಗೆಯಲ್ಲೇ ಕಾಣುತ್ತಿತ್ತು ಎಂದು ನನ್ನ ಹೆಂಡತಿ ಆಮೇಲೆ ಎಷ್ಟೋ ಸಲ ಹಾಸ್ಯ ಮಾಡಿದ್ದಾಳೆ. ನಮ್ಮೂರು ಬೆಳಕವಾಡಿಯಿಂದ ಒಂದೂವರೆ ಮೈಲಿ ಒಳಗೆ. ಅಲ್ಲಿ ಅಣ್ಣ, ಅತ್ತಿಗೆ, ಅವರ ಐದು ಮಕ್ಕಳು, ಹೊಲ, ದನ ಎಲ್ಲವೂ ಇದ್ದವು. ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ, ದೀಪಾವಳಿ ಮುಗಿಸಿಕೊಂಡು, ಅವ್ವನನ್ನು ಮದ್ದೂರಿಗೆ ಕರೆತಂದೆ. ಓದಿದ ಮಗ ತಾಯಿಯನ್ನು ಹೊಲದಲ್ಲಿ ದುಡಿಯಲು ಬಿಟ್ಟಿದ್ದಾನೆ ಎಂದು ಮಳವಳ್ಳಿ ಸಂತೆಯಲ್ಲಿ ಯಾರೋ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಕರೆತರುವ ಮುಂಚೆ ಅಣ್ಣನ ಒಪ್ಪಿಗೆ ಕೇಳಿದೆ, ಅತ್ತಿಗೆಯ ಒಪ್ಪಿಗೆಯನ್ನೂ ಕೇಳಿದೆ. ಅವ್ವನನ್ನು ಕೇಳಬೇಕು ಎಂದು ನನಗೆ ತೋಚಲಿಲ್ಲ.

ನಾವಿದ್ದದ್ದು ಎಣ್ಣೆ ವ್ಯಾಪಾರಿಯೊಬ್ಬರ ಮನೆಯ ಹಿಂಭಾಗದಲ್ಲಿ. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಬಾವಿ ಇದ್ದ ಒಂದು ಪಟ್ಟಿ ಹಿತ್ತಲು. ಮನೆಯವರಿಗೂ ನಮಗೂ ನಡುವೆ ಒಂದೇ ಗೋಡೆ. ಅವರು ಆಕಳಿಸಿದರೆ ನಮಗೆ ಕೇಳಿಸುತ್ತಿತ್ತು. ಅವ್ವ ಬಂದ ಮೊದಲ ವಾರದಲ್ಲೇ ಅವಳ ಕಾಲಿನ ಸಂಗತಿ ಬಯಲಿಗೆ ಬಂತು. ಕೂತರೆ ಮೊಣಕಾಲು ಕುಣಿಸುತ್ತಾಳೆ, ಮಲಗಿದರೆ ಪಾದಕ್ಕೆ ಪಾದ ಉಜ್ಜುತ್ತಾಳೆ, ಒಂದು ಗಳಿಗೆ ಬಿಟ್ಟು ಎದ್ದು ನಿಲ್ಲುತ್ತಾಳೆ. ಏನವ್ವ ನೋವಾ ಎಂದೆ.

"ನೋವಲ್ಲ ಕಣ್ಲಾ," ಅಂದಳು. "ಮೂಳೆ ಒಳಗೆ ಇರುವೆ ಅರಿದಂಗಾಯ್ತದೆ. ಎದ್ದು ನಡುದ್ರೆ ಸುಮ್ಕಾಯ್ತದೆ, ಮಲುಗುದ್ರೆ ತಿರ್ಗಾ ಸುರು."

ಹನ್ನೊಂದು ವರ್ಷಕ್ಕೇ ಹಾಸ್ಟೆಲ್ ಸೇರಿದವನು ನಾನು. ರಜೆಗೆ ಊರಿಗೆ ಹೋದರೆ ಉಂಡು ಮಲಗಿದವನು ಬಿಸಿಲು ಬಂದ ಮೇಲೆ ಏಳುತ್ತಿದ್ದೆ. ಹಾಗಾಗಿ ಇದು ಹೊಸ ಕಾಯಿಲೆ, ಅಪ್ಪ ಹೋದ ಕೊರಗಿನಿಂದ ಬಂದದ್ದು, ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನನ್ನ ತೀರ್ಮಾನಗಳಿಗೆ ಆ ವಯಸ್ಸಿನಲ್ಲಿ ಅಪೀಲು ಇರಲಿಲ್ಲ.

ತೊಂದರೆ ಶುರುವಾದದ್ದು ಎಣ್ಣೆ ವ್ಯಾಪಾರಿಯ ಮನೆಯ ಯಜಮಾನಿಯಿಂದ. ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎನ್ನುವುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ನಾನೂ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕಾಲಾಡಿಸುವ ಹುಡುಗರನ್ನು ಅದೇ ಮಾತು ಹೇಳಿ ಗದರಿಸುತ್ತಿದ್ದೆ. ವ್ಯಾಪಾರಿಗಳ ಮನೆಯೆಂದರೆ ಲಕ್ಷ್ಮಿಯ ವಿಷಯದಲ್ಲಿ ಇನ್ನಷ್ಟು ನಾಜೂಕು. ಆಕೆ ಒಂದು ಸಂಜೆ, ಅದೂ ದೀಪ ಹಚ್ಚುವ ಹೊತ್ತಿಗೆ, ನಮ್ಮ ಬಾಗಿಲಿಗೆ ಬಂದವರು ಅವ್ವ ಮೊಣಕಾಲು ಕುಣಿಸುತ್ತಾ ಕೂತದ್ದನ್ನು ನೋಡಿದರು. ಕೆಟ್ಟ ಹೆಂಗಸೇನಲ್ಲ. ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಇದು ಒಳ್ಳೆಯದಲ್ಲ, ನಿಮ್ಮ ಅತ್ತೆಗೆ ಹೇಳು, ನಮ್ಮ ಗಾಣದ ಎತ್ತು ಬೇರೆ ಮೊನ್ನೆ ಕುಂಟಿತು, ಎಂದರಂತೆ. ಆ ಮಾತು ಅವ್ವನ ಕಿವಿಗೂ ಬಿತ್ತು. ಅವತ್ತಿನಿಂದ ಅವ್ವ ಯಾರ ಎದುರಿಗೂ ಕೂರುವುದನ್ನೇ ಬಿಟ್ಟಳು. ನಿಂತೇ ಸೊಪ್ಪು ಸೋಸುತ್ತಿದ್ದಳು, ನಿಂತೇ ಮಾತಾಡುತ್ತಿದ್ದಳು.

ಆ ವಾರದ ಕೊನೆಗೆ ಅವಳು ನನ್ನನ್ನು ಕೇಳಿದಳು, ಊರಿಗೆ ಬುಟ್ಟು ಬಾ ನನ್ನ ಎಂದು. ಇಲ್ಲಿ ಓಡಾಡಲು ಜಾಗವಿಲ್ಲ, ಅಲ್ಲಿಯಾದರೆ ಕಣವಿದೆ, ಬಯಲಿದೆ ಎಂದಳು. ನನಗೆ ಸಿಟ್ಟು ಬಂತು. ಕರೆತಂದ ಹದಿನೈದು ದಿನಕ್ಕೇ ತಾಯಿಯನ್ನು ವಾಪಸ್ಸು ಬಿಟ್ಟರೆ ಮಳವಳ್ಳಿ ಸಂತೆಯವರು ಏನಂದಾರು? ಸಂಕ್ರಾಂತಿಯವರೆಗೆ ಇರು, ಅಷ್ಟರಲ್ಲಿ ಔಷಧಿ ಕೊಡಿಸಿ ವಾಸಿ ಮಾಡುತ್ತೇನೆ, ಆಗದಿದ್ದರೆ ನಾನೇ ಬಿಟ್ಟು ಬರುತ್ತೇನೆ ಎಂದು ಮಾತು ಕೊಟ್ಟೆ. ಅವ್ವ ಹೂಂ ಎಂದಳು. ಅಲ್ಲಿಂದ ಮುಂದೆ ಅವಳು ಸಂಕ್ರಾಂತಿಗೆ ಎಷ್ಟು ದಿನವಿದೆ ಎಂದು ನನ್ನ ಹೆಂಡತಿಯನ್ನು ಆಗಾಗ ಕೇಳುತ್ತಿದ್ದಳಂತೆ. ಹಬ್ಬಕ್ಕೆ ಆಸೆಪಡುತ್ತಿದ್ದಾಳೆ ಎಂದುಕೊಂಡೆ.

ಸ್ಟೇಷನ್ ರಸ್ತೆಯ ಅಂಗಡಿಗೆ ನನ್ನನ್ನು ಕಳಿಸಿದವರು ನಿಡಘಟ್ಟದಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದ ನನ್ನ ಜೊತೆ ಮೇಷ್ಟ್ರು. ಅವರ ಮಗುವಿನ ಕೆಮ್ಮು ಅಲ್ಲಿಯ ಗುಳಿಗೆಯಿಂದ ನಿಂತಿತ್ತು. ಊರಿನಲ್ಲಿ ನಾಟಿ ಮದ್ದು ಕೊಡುವವರಿಗೇನು ಕಡಿಮೆಯಿರಲಿಲ್ಲ, ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ! ಇಂಗ್ಲಿಷ್ ಪುಸ್ತಕ ನೋಡಿ ಕೊಡುವ ಔಷಧಿ ಎಂದಾಗಲೇ ನನಗೆ ಅರ್ಧ ನಂಬಿಕೆ ಬಂದಿತ್ತು.

ಅಂಗಡಿಯವರು ಒಂದು ನೋಟ್‌ಬುಕ್ ತೆರೆದು ಪ್ರಶ್ನೆ ಕೇಳತೊಡಗಿದರು. ಈ ಪದ್ಧತಿಯಲ್ಲಿ ಕಾಯಿಲೆಗಲ್ಲ, ಕಾಯಿಲೆಯವರಿಗೆ ಔಷಧಿ ಕೊಡುವುದು, ಅದಕ್ಕೇ ಎಲ್ಲ ತಿಳಿಯಬೇಕು ಎಂದರು. ಮೊದಲು ಯಾವ ಕಾಲಿಗೆ ಬರುತ್ತದೆ? ಸಿಹಿ ಇಷ್ಟವೋ, ಉಪ್ಪು ಹುಳಿ ಇಷ್ಟವೋ? ಯಾವುದಕ್ಕಾದರೂ ಹೆದರುತ್ತಾರೆಯೇ? ಅಳುತ್ತಾರೆಯೇ, ಅತ್ತರೆ ನಾಲ್ಕು ಜನರ ಮುಂದೋ ಒಬ್ಬರೇ ಇರುವಾಗಲೋ? ಯಾವಾಗಿನಿಂದ ಹೀಗೆ?

ನಮ್ಮ ಕಡೆ ಹೆಂಗಸಿನ ಕಾಯಿಲೆಗೆ ಗಂಡಸೇ ಬಾಯಿ. ಆಸ್ಪತ್ರೆಗೆ ಹೋದರೂ ಹೆಂಗಸು ಹಿಂದೆ ಸೆರಗು ಹೊದ್ದು ನಿಲ್ಲುತ್ತಾಳೆ, ಹೊಟ್ಟೆನೋವು ಎಲ್ಲಿ ಎಂದರೆ ಗಂಡ ತನ್ನ ಹೊಟ್ಟೆ ಮುಟ್ಟಿ ತೋರಿಸುತ್ತಾನೆ. ಇನ್ನು ಅಂಗಡಿಗೆ ಹೆಂಗಸನ್ನು ಕರೆತರುವ ಮಾತೇ ಇಲ್ಲ. ಅದರಿಂದ ನಾನು ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಎರಡೂ ಕಾಲಿಗೆ ಒಟ್ಟಿಗೇ ಬರುತ್ತದೆ. ಸಿಹಿ ಎಂದರೆ ಪ್ರಾಣ, ಹಬ್ಬಕ್ಕೆ ಅವಳು ಮಾಡುವ ಒಬ್ಬಟ್ಟನ್ನು ನೀವು ತಿನ್ನಬೇಕು. ಹೆದರಿಕೆಯೇ? ಹಾವನ್ನು ಬಾಲ ಹಿಡಿದು ಎಸೆದವಳು ನಮ್ಮವ್ವ. ಅತ್ತದ್ದನ್ನು ನಾನು ಕಂಡಿಲ್ಲ, ಅಳುವ ಜಾತಿಯಲ್ಲ. ಶುರುವಾದದ್ದು ಹೋದ ವರ್ಷ, ಅಪ್ಪ ಹೋದ ಮೇಲೆ. ಅವರು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು, ಸತುವಿನಿಂದ ಮಾಡಿದ್ದು ಎಂದು ಒಂದು ಸೀಸೆಯನ್ನೂ, ನಿದ್ದೆಗೆಂದು ಇನ್ನೊಂದನ್ನೂ ಕೊಟ್ಟರು. ಒಳಗೆ ಸಾಸಿವೆಗಿಂತ ತುಸು ದೊಡ್ಡದಾದ ಬಿಳಿ ಸಕ್ಕರೆ ಗುಳಿಗೆಗಳು. ಕೈಯಲ್ಲಿ ಮುಟ್ಟಬಾರದು, ಕಾಗದದ ಮೇಲೆ ನಾಲ್ಕು ಉರುಳಿಸಿಕೊಂಡು ನಾಲಿಗೆಯ ಕೆಳಗೆ ಹಾಕಬೇಕು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಇಂಗು, ಕರ್ಪೂರದ ವಾಸನೆ, ಹೊಗೆಸೊಪ್ಪು ಯಾವುದೂ ಕೂಡದು.

ಕಾಫಿಯೇನೋ ಅವ್ವ ಕುಡಿಯುತ್ತಿರಲಿಲ್ಲ. ಹೊಗೆಸೊಪ್ಪು ಮಾತ್ರ ಅವಳ ಒಂದೇ ಚಟ. ಊಟವಾದ ಮೇಲೆ ಎಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ಇಟ್ಟು ಬಾಯಿಗೆ ಹಾಕಿಕೊಂಡರೆ ಅವಳ ಮುಖವೇ ಬೇರೆಯಾಗುತ್ತಿತ್ತು. ನಾನು ನಿಯಮ ಹೇಳಿದೆ. ಅವಳು ಎಲೆಅಡಿಕೆ ಚೀಲವನ್ನು ಸೊಂಟದಿಂದ ಬಿಚ್ಚಿ ನನ್ನ ಹೆಂಡತಿಯ ಕೈಗೆ ಕೊಟ್ಟು, ಎತ್ತಿಟ್ಟಿರು ಎಂದಳು. ದಿನಾ ಬೆಳಿಗ್ಗೆ ಮುಖ ತೊಳೆದು ಪೂರ್ವಕ್ಕೆ ತಿರುಗಿ ಗುಳಿಗೆ ಹಾಕಿಕೊಳ್ಳುತ್ತಿದ್ದಳು, ತೀರ್ಥ ತೆಗೆದುಕೊಳ್ಳುವಷ್ಟೇ ಭಕ್ತಿಯಿಂದ. ಬರೀ ಸಕ್ಕರೆ ಇದ್ದಂಗದಲ್ಲ ಎಂದು ಒಂದು ಸಲ ಅಂದಳು, ಅಷ್ಟೇ.

ಎರಡು ವಾರವಾದ ಮೇಲೆ ಹೇಗಿದೆ ಎಂದು ಕೇಳಿದೆ. ವಾಸಿ ಕಣಪ್ಪ ಎಂದಳು. ಮೂರನೆಯ ವಾರ ಕೇಳಿದಾಗಲೂ ಅದೇ ಮಾತು. ನಾನಂತೂ ನೆಲದ ಮೇಲಿರಲಿಲ್ಲ. ಅರ್ಧ ಕಲಿತವನ ಅಬ್ಬರ ಹೆಚ್ಚು ಎನ್ನುತ್ತಾರೆ. ನಾನು ಕಾಲುಭಾಗವೂ ಕಲಿತಿರಲಿಲ್ಲ, ಅಬ್ಬರಕ್ಕೆ ಅಳತೆಯಿರಲಿಲ್ಲ. ಸ್ಕೂಲಿನ ಜವಾನನಿಂದ ಹಿಡಿದು ತಪಾಸಣೆಗೆ ಬಂದ ಇನ್‌ಸ್ಪೆಕ್ಟರವರೆಗೆ ಎಲ್ಲರಿಗೂ ನಮ್ಮವ್ವನ ಕಾಲಿನ ಕಥೆ ಹೇಳಿದೆ. ನಿದ್ದೆ ಬಾರದವರು, ಕೈ ನಡುಗುವವರು, ಸುಮ್ಮನೆ ಬೇಸರವಾಗಿರುವವರು ಎಲ್ಲರನ್ನೂ ಆ ಅಂಗಡಿಗೆ ಅಟ್ಟಿದೆ. ಒಂದು ಸಲ ಅಲ್ಲಿ ಗುಳಿಗೆ ಮುಗಿದಿತ್ತೆಂದು ರೈಲು ಹತ್ತಿ ಮಂಡ್ಯಕ್ಕೆ ಹೋಗಿ ತಂದೆ. ಗೆದ್ದವನ ಹುಮ್ಮಸ್ಸು ಅದು. ಊರಿಗೆ ಹೋಗುವ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲವಾದ್ದರಿಂದ ಅದೂ ಗುಳಿಗೆಯ ಗುಣವೇ ಎಂದು ಲೆಕ್ಕ ಹಾಕಿದೆ.

ಧನುರ್ಮಾಸದಲ್ಲಿ ಒಂದು ಶನಿವಾರ. ಶನಿವಾರವೆಂದರೆ ಅರ್ಧ ದಿನದ ಸ್ಕೂಲು, ಅವತ್ತು ಇನ್ನೂ ಬೇಗ ಬಿಟ್ಟಿದ್ದರು. ಹತ್ತೂವರೆಗೇ ಮನೆಗೆ ಬಂದೆ. ಬಾಗಿಲು ಒಳಗಿನಿಂದ ಹಾಕಿತ್ತು. ಎಷ್ಟು ತಟ್ಟಿದರೂ ತೆಗೆಯಲಿಲ್ಲ. ಮನೆಯ ಯಜಮಾನಿಯೇ ಹೊರಗೆ ಬಂದು ನೋಡಿ ಒಳಗೆ ಹೋದರು. ಕಡೆಗೆ ನನ್ನ ಹೆಂಡತಿ ಬಾಗಿಲು ತೆಗೆದಾಗ ಅವಳ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ಒಲೆ ಹಚ್ಚಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ರಾಗಿಕಲ್ಲಿನ ಪಕ್ಕ, ಬರೀ ನೆಲದ ಮೇಲೆ ಅವ್ವ ಬಾಯಿ ತೆರೆದು ಮಲಗಿದ್ದಳು. ಹಗಲು ಹೊತ್ತಿನಲ್ಲಿ ಅತ್ತೆ ಸೊಸೆ ಇಬ್ಬರೂ ಬಾಗಿಲು ಹಾಕಿಕೊಂಡು ಮಲಗಿದ್ದಾರೆ ಎಂದರೆ ಯಾವ ಗೌಡರ ಮನೆಯ ಗಂಡಸು ಸುಮ್ಮನಿರುತ್ತಾನೆ? ನಾನೂ ಇರಲಿಲ್ಲ. ದನಿ ಏರಿಸಿದೆ.

ನನ್ನ ಹೆಂಡತಿ ನನಗೆ ಎದುರಾಡಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ನನ್ನ ಹತ್ತಿರ ಬಂದು ನಿಂತು ಹೇಳಿದಳು.

"ಕೂಗ್ಬ್ಯಾಡಿ, ಈಗ ಕಣ್ಣು ಮುಚ್ಚವ್ರೆ. ನೀವು ಮಲುಗುದ್ ಮ್ಯಾಲೆ ನಾವ್ ಏಳಾದು."

ಉಳಿದದ್ದನ್ನು ಅವಳು ತುಂಡುತುಂಡಾಗಿ ಹೇಳಿದಳು. ಗುಳಿಗೆಯಿಂದ ಅವ್ವನ ಕಾಲಿಗೆ ಒಂದು ದಿನವೂ ಗುಣ ಕಂಡಿರಲಿಲ್ಲ. ಮೊದಲು ಹಳೆಯ ಸೀರೆಯ ಚೂರಿನಿಂದ ಎರಡು ಕಾಲನ್ನೂ ಬಿಗಿಯಾಗಿ ಕಟ್ಟಿಕೊಂಡು ಮಲಗಿ ನೋಡಿದ್ದಳು. ಅದರಿಂದ ಚರ್ಮ ತರಚಿತೇ ಹೊರತು ನಿದ್ದೆ ಬರಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಬಾವಿಯಿಂದ ಗೋಡೆಗೆ, ಗೋಡೆಯಿಂದ ಬಾವಿಗೆ ನಡೆಯಲು ಶುರುಮಾಡಿದಳು. ಒಬ್ಬಳೇ ಹೆಂಗಸು ಅಪರಾತ್ರಿಯಲ್ಲಿ ಓಡಾಡಿದರೆ ವ್ಯಾಪಾರಿಯ ಮನೆಯವರು ಗಾಳಿ ಸೋಕಿದೆ ಎಂದಾರು ಎಂದು ನನ್ನ ಹೆಂಡತಿಯೂ ಜೊತೆಗೆ ಹೋಗುತ್ತಿದ್ದಳು. ಬಳೆ ಸದ್ದಾಗದಂತೆ ಎರಡೂ ಕೈಗೆ ಸೆರಗು ಸುತ್ತಿಕೊಂಡು, ಚಳಿಯಲ್ಲಿ, ಕೋಳಿ ಕೂಗುವವರೆಗೆ. ನನಗೆ ಹೇಳಬೇಡ ಎಂದು ಅವ್ವ ಆಣೆ ಹಾಕಿಸಿದ್ದಳು. ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ, ಅವನ ಮರ್ಯಾದೆ ಹೋಗುತ್ತದೆ ಎಂದಿದ್ದಳಂತೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು. ಅಷ್ಟು ವಾರಗಳೂ ಆ ಮನೆಯಲ್ಲಿ ಗಡದ್ದಾಗಿ ನಿದ್ದೆ ಮಾಡಿದವನು ನಾನೊಬ್ಬನೇ.

ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಸಿಟ್ಟು ಮಾಡಿಕೊಳ್ಳುವುದು ಗಂಡಸಿಗೆ ಸುಲಭ. ತಪ್ಪೆಲ್ಲ ಅಂಗಡಿಯವರದು ಎಂದು ಆ ಕ್ಷಣಕ್ಕೆ ನಿರ್ಧರಿಸಿ, ಅವ್ವ ಎದ್ದ ಮೇಲೆ, ಹೊರಡು ನನ್ನ ಜೊತೆ ಎಂದೆ. ಮೂರು ಗಂಟೆಯ ಬಿಸಿಲಿನಲ್ಲಿ ಅವಳು ನನ್ನ ಹಿಂದೆ ಹತ್ತು ಮಾರು ದೂರದಲ್ಲಿ ಬಂದಳು. ಅಂಗಡಿಯಲ್ಲಿ ನಾನು ಏನೇನೋ ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ನೋಟ್‌ಬುಕ್ ತೆಗೆದು ನಾನು ಹೇಳಿ ಬರೆಸಿದ್ದ ಹಾಳೆ ಹುಡುಕಿಕೊಂಡರು. ಹಲಗೆಯ ಆಚೆಯಿಂದ ಒಂದು ಸ್ಟೂಲು ತಂದು ಅವ್ವನ ಮುಂದೆ ಇಟ್ಟು, ಕೂತುಕೊಳ್ಳಿ ತಾಯಿ, ಕಾಲು ಆಡಿಸಬೇಕೆಂದರೆ ಆಡಿಸಿ ಎಂದರು. ಅವ್ವ ನನ್ನ ಮುಖ ನೋಡಿ ಕೂತಳು. ಅವರು ನನ್ನನ್ನು ಕೇಳಿದ್ದ ಪ್ರಶ್ನೆಗಳನ್ನೇ ಮತ್ತೆ ಒಂದೊಂದಾಗಿ ಅವಳನ್ನು ಕೇಳಿದರು.

ಮೊದಲು ಬರುವುದು ಎಡಗಾಲಿಗೆ, ಆಮೇಲೆ ಬಲಗಾಲಿಗೆ ದಾಟುತ್ತದೆ ಎಂದಳು. ಸಿಹಿ ತನಗೆ ಮೊದಲಿನಿಂದಲೂ ಸೇರುವುದಿಲ್ಲ, ಮಕ್ಕಳಿಗೆಂದು ಮಾಡುತ್ತೇನೆ, ಹುಣಸೆಹಣ್ಣಿಗೆ ಉಪ್ಪು ಹಚ್ಚಿಕೊಟ್ಟರೆ ಎಷ್ಟಾದರೂ ತಿನ್ನುತ್ತೇನೆ ಎಂದಳು. ಅಳುತ್ತೇನೆ, ಹಿತ್ತಲಿಗೆ ಹೋಗಿ ಅಳುತ್ತೇನೆ ಎಂದಳು. ಒಂದೊಂದು ಉತ್ತರಕ್ಕೂ ಅವರು ನಾನು ಬರೆಸಿದ ಸಾಲಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಹೆದರಿಕೆಯೇನಾದರೂ ಉಂಟೇ ಎಂದು ಕೇಳಿದರು.

"ಸಂಜೆ ಆಗ್ತಾ ಆಗ್ತಾ ಎದೆ ಡವಗುಟ್ತದೆ ಸ್ವಾಮಿ. ಇನ್ನೇನ್ ಮಲಗ್ಬೇಕಲ್ಲ ಅಂತ."

"ಯಾವಾಗಿನಿಂದ ತಾಯಿ?"

"ಇವ್ನು ಒಟ್ಟೇಲಿದ್ದಾಗಿಂದ," ಎಂದು ನನ್ನ ಕಡೆ ಕೈ ತೋರಿಸಿದಳು.

ನನಗೆ ಆಗ ಇಪ್ಪತ್ತೆಂಟು ವರ್ಷ. ಅಂಗಡಿಯವರು ಬರೆಯುವುದನ್ನು ನಿಲ್ಲಿಸಿದರು. ನಿಮ್ಮ ಯಜಮಾನರಿಗೆ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿತ್ತು, ಏನೂ ಅನ್ನುತ್ತಿರಲಿಲ್ಲ ಎಂದಳು. ಕಣದ ಬದಿಗೇ ಅವಳ ಚಾಪೆ ಹಾಸಿಕೊಡುತ್ತಿದ್ದರಂತೆ. ಅವಳು ಎದ್ದು ಓಡಾಡಿ, ಸಾಕಾದಾಗ ಬಂದು ಬಿದ್ದುಕೊಳ್ಳುತ್ತಿದ್ದಳಂತೆ. ನಮ್ಮಪ್ಪ ಮಾತು ಕಡಿಮೆಯ ಮನುಷ್ಯ, ಒರಟ ಎಂದೇ ನಾನು ತಿಳಿದುಕೊಂಡಿದ್ದೆ.

ಅಂಗಡಿಯವರು ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ನನ್ನ ಉತ್ತರಗಳಲ್ಲಿ ಗೆರೆ ಬೀಳದೆ ಉಳಿದದ್ದು ಒಂದೂ ಇರಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗೇಲಿಯೂ ಇರಲಿಲ್ಲ.

"ಮೇಷ್ಟ್ರೇ, ಇಷ್ಟು ದಿನ ನಾವು ಔಷಧಿ ಕೊಟ್ಟಿದ್ದು ಯಾರಿಗೆ?"

ಬೇರೆ ಸೀಸೆ ಕೊಟ್ಟರು. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಅದು ಸರಿಯಾದ ಔಷಧಿಯೋ ಅಲ್ಲವೋ, ಅವಳು ತಿಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಗುಳಿಗೆಗಳಲ್ಲಿ ಏನಿದೆ ಎಂದು ಆಮೇಲೆ ಎಷ್ಟೋ ಜನ ವಾದ ಮಾಡಿದ್ದನ್ನು ಕೇಳಿದ್ದೇನೆ. ನಾನು ಯಾವ ಪಕ್ಷವನ್ನೂ ಹಿಡಿದಿಲ್ಲ. ಅವ್ವನ ಕಾಲು ಅವಳಿರುವವರೆಗೂ ವಾಸಿಯಾಗಲಿಲ್ಲ, ಅಷ್ಟು ಗೊತ್ತು.

ವಾಪಸ್ಸು ಬರುವಾಗ ನಾನು ನಡಿಗೆ ನಿಧಾನ ಮಾಡಿ ಅವಳು ಸಮಕ್ಕೆ ಬರುವವರೆಗೆ ಕಾದೆ. ನನಗೆ ಯಾಕೆ ಹೇಳಲಿಲ್ಲ ಅವ್ವ ಎಂದೆ. ನಮ್ಮೂರಿನವರ ಮಾತಿಗೆ ನಯ ಕಡಿಮೆ, ಅವಳು ನನ್ನ ಮುಖ ನೋಡಿಯೇ ಹೇಳಿದಳು.

"ಯೋಳುದ್ರೆ ಏನ್ ಮಾಡ್ತಿದ್ದೆ? ಇನ್ನೊಂದ್ ಸೀಸೆ ತತ್ತಿದ್ದೆ."

ಸಂಕ್ರಾಂತಿಗೆ ಇನ್ನೂ ದಿನಗಳಿದ್ದವು. ಮಾರನೆಯ ದಿನ ಭಾನುವಾರ ಬೆಳಿಗ್ಗೆಯೇ ಅವಳನ್ನು ಬಸ್ಸು ಹತ್ತಿಸಿಕೊಂಡು ಹೊರಟೆ. ಹೊರಡುವಾಗ ನನ್ನ ಹೆಂಡತಿ ಎಲೆಅಡಿಕೆ ಚೀಲವನ್ನು ತಂದು ಅವಳ ಕೈಗಿತ್ತು, ಅವಳ ಕಾಲು ಮುಟ್ಟಿ ಅತ್ತಳು. ಸೊಸೆಗೆ ಅತ್ತೆಯನ್ನು ಕಳಿಸುವಾಗ ಅಳು ಬಂದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬೆಳಕವಾಡಿಗೆ ಬಂದೆವು. ಬಸ್ಸಿನಲ್ಲಿ ಅವ್ವ ಸೀಟಿನ ಕಂಬಿ ಹಿಡಿದು ನಿಂತೇ ಬಂದಳು. ಕಂಡಕ್ಟರು ಕೂರಲು ಹೇಳಿದಾಗ, ಬೇಡಪ್ಪ ಇಂಗೇ ಇರ್ಲಿ ಬಿಡಿ ಎಂದು ನಾನೇ ಅಂದೆ. ಬೆಳಕವಾಡಿಯಿಂದ ಊರಿಗೆ ಹೊಲದ ಬದುವಿನ ಮೇಲೆ ನಡಿಗೆ. ಗಂಟನ್ನು ಹೊತ್ತುಕೊಂಡಿದ್ದ ನಾನು ಅವಳ ಹಿಂದೆ ಏದುಸಿರು ಬಿಡುತ್ತಾ ಹೋದೆ.

ಅಣ್ಣ ಗಂಟು ಇಳಿಸಿಕೊಂಡ. ಅತ್ತಿಗೆ ಎಲ್ಲರಿಗೂ ಮುದ್ದೆ ಬಡಿಸಿದಳು. ಉಂಡಾದ ಮೇಲೆ ಅವ್ವ ಎಲೆ ಹಾಕಿಕೊಂಡು ಮೊಮ್ಮಕ್ಕಳ ಜೊತೆ ಕಣವನ್ನು ಒಂದು ಸುತ್ತು ಬಂದಳು. ರಾಗಿ ಒಕ್ಕಣೆಗೆ ಕಣ ಸಗಣಿ ಬಳಿದು ಸಿದ್ಧವಾಗಿತ್ತು. ಸ್ವಲ್ಪ ಹೊತ್ತಿಗೆ ಅವಳು ಮೆದೆಯ ನೆರಳಿನಲ್ಲಿ ಹುಲ್ಲಿನ ಮೇಲೆ ಒರಗಿದಳು. ನಾನು ಅಣ್ಣನ ಜೊತೆ ಮಾತಾಡಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಮಕ್ಕಳು ಪಕ್ಕದಲ್ಲೇ ಕೂಗಾಡುತ್ತಿದ್ದವು, ಎತ್ತಿನ ಗಂಟೆ ಸದ್ದಾಗುತ್ತಿತ್ತು. ಕಾಲು ಎರಡೂ ಚಾಚಿ ಬಿದ್ದಿದ್ದವು. ನಾನು ನೋಡುತ್ತಾ ನಿಂತೆ. ಒಂದು ಬೆರಳೂ ಅಲ್ಲಾಡಲಿಲ್ಲ.

ಮಾರನೆಯ ದಿನ ಸ್ಕೂಲಿತ್ತು, ಸಂಜೆಯ ಬಸ್ಸು ಹಿಡಿಯಲೇಬೇಕಿತ್ತು. ಹೆತ್ತವಳಿಗೆ ಹೋಗಿ ಬರುತ್ತೇನೆ ಎಂದು ಹೇಳದೆ ಊರು ಬಿಡುವುದು ನಮ್ಮಲ್ಲಿ ಸಾವಿನ ಮನೆಯಿಂದ ಹೊರಡುವಾಗ ಮಾತ್ರ. ಎಬ್ಬಿಸಿ ಹೇಳಿಹೋಗು, ಆಮೇಲೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಅಣ್ಣನೂ ಅಂದ, ಅತ್ತಿಗೆಯೂ ಅಂದಳು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕಣ ದಾಟಿ ಬಂದುಬಿಟ್ಟೆ. ಮಗನಾಗಿ ನಾನು ಅವಳಿಗೆ ಕೊಟ್ಟ ನಿದ್ದೆ ಅದೊಂದೇ.